ವಿಟಮಿನ್ ಸಿ ಜಾಸ್ತಿ ತಗೊಂಡ್ರೆ ಹೃದಯದ ಕಾಯಿಲೆ, ಶುಗರ್, ಕ್ಯಾನ್ಸರ್ ದೂರವಾಗುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ಊಟದ ಪಂಕ್ತಿಯಲ್ಲಿ, ಔಷಧಿ ಅಂಗಡಿಯ ಮುಂದೆ, ಓದುಗರ ಪತ್ರಗಳಲ್ಲಿ ತಿರುತಿರುಗಿ ಬರುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲಿನವು ಸುಲಭ, ಕೆಳಗಿಳಿದಂತೆ ಸ್ವಲ್ಪ ಬಿಗಿ. ನಿಮಗೆ ಬೇಕಾದ ಒಂದನ್ನೇ ಓದಿದರೂ ಸಾಕು. ಈಗಾಗಲೇ ಔಷಧಿ ತಗೊಳ್ಳುತ್ತಿರುವವರು ಮಾತ್ರ ಇದನ್ನು ಓದಿ ಯಾವುದನ್ನೂ ತಾವಾಗಿ ನಿಲ್ಲಿಸಬೇಡಿ, ಶುರುವೂ ಮಾಡಬೇಡಿ. ಡಾಕ್ಟರನ್ನು ಕೇಳಿ.

## ಮೊದಲು ಗೊತ್ತಿರಬೇಕಾದ್ದು

ವಿಟಮಿನ್ ಸಿ ನಮ್ಮ ದೇಹದಲ್ಲಿ ನಿಜವಾಗಿ ಏನು ಮಾಡುತ್ತೆ? "ಇಮ್ಯುನಿಟಿ" ಅನ್ನೋದು ಬಿಟ್ಟು ಹೇಳಿ.

ಚರ್ಮ, ವಸಡು, ಮೂಳೆ, ರಕ್ತನಾಳದ ಗೋಡೆ ಇವೆಲ್ಲ ಗಟ್ಟಿಯಾಗಿ ನಿಲ್ಲುವುದು ಕೊಲಾಜನ್ ಎಂಬ ಪ್ರೋಟೀನಿನಿಂದ. ಆ ಕೊಲಾಜನ್ ಎಳೆಗಳು ಸರಿಯಾಗಿ ಹೆಣೆದುಕೊಳ್ಳಲು ವಿಟಮಿನ್ ಸಿ ಬೇಕು. ಗಾಯ ಮಾಯುವುದಕ್ಕೂ ಇದೇ ಕಾರಣಕ್ಕೆ ಬೇಕು. ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣವನ್ನು ಕರುಳು ಹೀರಿಕೊಳ್ಳಲು ಇದು ನೆರವಾಗುತ್ತದೆ. ಜೀವಕೋಶಗಳಿಗೆ ಹಾನಿ ಮಾಡುವ ಕೆಲವು ಕಣಗಳನ್ನು ತಣಿಸುತ್ತದೆ. "ಆಂಟಿಆಕ್ಸಿಡೆಂಟ್" ಅಂತ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುವುದು ಈ ಕೆಲಸವನ್ನೇ.

ಹೆಚ್ಚಿನ ಪ್ರಾಣಿಗಳು ಇದನ್ನು ತಮ್ಮ ದೇಹದಲ್ಲೇ ತಯಾರಿಸಿಕೊಳ್ಳುತ್ತವೆ. ಮನುಷ್ಯರು, ಮಂಗಗಳು, ಗಿನಿಪಿಗ್‌ಗಳು ಮಾಡಿಕೊಳ್ಳಲಾರವು. ಅದಕ್ಕೆ ಬೇಕಾದ ಕೊನೆಯ ಕಿಣ್ವದ ಜೀನ್ ನಮ್ಮಲ್ಲಿ ಕೆಟ್ಟುಹೋಗಿದೆ. ಹಾಗಾಗಿ ಊಟದಿಂದಲೇ ಬರಬೇಕು.

ದಿನಕ್ಕೆ ಎಷ್ಟು ಬೇಕು? ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳ್ತಾರಲ್ಲ?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕ ಹೀಗಿದೆ: ಗಂಡಸರಿಗೆ 80 ಮಿಲಿಗ್ರಾಂ, ಹೆಂಗಸರಿಗೆ 65, ಗರ್ಭಿಣಿಯರಿಗೆ 80, ಹಾಲುಣಿಸುವ ತಾಯಂದಿರಿಗೆ 115. ಅದಕ್ಕೂ ಮೊದಲು ನಮ್ಮಲ್ಲಿ ದೊಡ್ಡವರಿಗೆ 40 ಸಾಕು ಎನ್ನುತ್ತಿದ್ದರು. ಬ್ರಿಟನ್ ಈಗಲೂ 40ರಲ್ಲೇ ನಿಂತಿದೆ. ಅಮೆರಿಕದಲ್ಲಿ ಗಂಡಸರಿಗೆ 90, ಹೆಂಗಸರಿಗೆ 75.

ಲೆಕ್ಕ ಬೇರೆ ಬೇರೆ ಆಗಿರುವುದಕ್ಕೆ ಕಾರಣ ಸರಳ. ಸ್ಕರ್ವಿ, ಅಂದರೆ ವಿಟಮಿನ್ ಸಿ ತೀರಾ ಕಡಿಮೆಯಾಗಿ ವಸಡಲ್ಲಿ ರಕ್ತ ಬರುವ, ಗಾಯ ಮಾಯದ ಕಾಯಿಲೆ, ಬರದ ಹಾಗೆ ತಡೆಯಲು ದಿನಕ್ಕೆ ಸುಮಾರು 10 ಮಿ.ಗ್ರಾಂ. ಸಾಕು. ದೇಹದ ಜೀವಕೋಶಗಳು ತುಂಬಿಕೊಂಡಿರಬೇಕು ಅಂದರೆ ಅದಕ್ಕಿಂತ ತುಂಬಾ ಜಾಸ್ತಿ ಬೇಕು. ಇವೆರಡರ ನಡುವೆ ಗೆರೆ ಎಲ್ಲಿ ಎಳೆಯಬೇಕು ಅನ್ನುವುದರಲ್ಲೇ ಭಿನ್ನಾಭಿಪ್ರಾಯ. ಯಾರ ಲೆಕ್ಕ ಹಿಡಿದರೂ 500, 1000 ಅನ್ನುವ ಸಂಖ್ಯೆ ಎಲ್ಲೂ ಬರುವುದಿಲ್ಲ. ಅದು ಮಾತ್ರೆಯ ಪಟ್ಟಿಯ ಮೇಲಿನ ಸಂಖ್ಯೆ, ಅಷ್ಟೆ.

ಸ್ಕರ್ವಿ ಹಳೇ ಕಾಲದ ಹಡಗಿನವರ ಕಾಯಿಲೆ ಅಲ್ವಾ? ಈಗ ನಮಗ್ಯಾಕೆ ಆ ಚಿಂತೆ?

ಹಡಗಿನವರ ಕಥೆ ನಿಜ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ನೌಕಾಪಡೆಯ ವೈದ್ಯ ಸ್ಕರ್ವಿ ಬಂದ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಉಪಚಾರ ಕೊಟ್ಟ. ಕಿತ್ತಳೆ, ನಿಂಬೆ ತಿಂದ ಇಬ್ಬರು ಬೇಗ ಎದ್ದು ಓಡಾಡಿದರು. ಆದರೂ ಬ್ರಿಟಿಷ್ ನೌಕಾಪಡೆ ಎಲ್ಲರಿಗೂ ನಿಂಬೆರಸ ಕೊಡಲು ಶುರು ಮಾಡಿದ್ದು 1795ರಲ್ಲಿ. ಸರ್ಕಾರಿ ಕೆಲಸ ಎಲ್ಲ ಕಾಲಕ್ಕೂ ಹಾಗೇ ಏನೋ.

ಪೂರ್ತಿ ಸ್ಕರ್ವಿ ಈಗ ಅಪರೂಪ. ಆದರೆ ಕೊರತೆ ಅಪರೂಪವಲ್ಲ. 60 ದಾಟಿದ ಭಾರತೀಯರ ರಕ್ತ ಪರೀಕ್ಷಿಸಿದ ಒಂದು ದೊಡ್ಡ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಉತ್ತರ ಭಾರತದ ಕೇಂದ್ರದಲ್ಲಿ ಶೇ. 74 ಜನರಿಗೆ, ದಕ್ಷಿಣದ ಕೇಂದ್ರದಲ್ಲಿ ಶೇ. 46 ಜನರಿಗೆ ವಿಟಮಿನ್ ಸಿ ಕೊರತೆ ಇತ್ತು. ಬಡತನ, ತಂಬಾಕು, ಸೌದೆ ಒಲೆಯ ಹೊಗೆ ಇದ್ದಲ್ಲಿ ಕೊರತೆ ಜಾಸ್ತಿ. ನೆಲ್ಲಿಕಾಯಿ, ಸೀಬೆ ಬೆಳೆಯುವ ದೇಶದ ಲೆಕ್ಕ ಇದು! ಮಾತ್ರೆಯ ಜಾಹೀರಾತು ತಲುಪುವುದು ಒಬ್ಬರಿಗೆ, ಕೊರತೆ ಇರುವುದು ಇನ್ನೊಬ್ಬರಿಗೆ.

ನನಗೆ ಕೊರತೆ ಇದೆಯಾ ಅಂತ ರಕ್ತ ಪರೀಕ್ಷೆ ಮಾಡಿಸಬೇಕಾ?

ಸಾಮಾನ್ಯವಾಗಿ ಬೇಡ. ಈ ಪರೀಕ್ಷೆ ದುಬಾರಿ. ರಕ್ತದ ಸ್ಯಾಂಪಲ್ ಸರಿಯಾಗಿ ತಂಪಾಗಿಡದಿದ್ದರೆ ಲೆಕ್ಕವೂ ತಪ್ಪುತ್ತದೆ. ದಿನಾ ಒಂದಾದರೂ ಹಸಿ ಹಣ್ಣೋ ತರಕಾರಿಯೋ ತಿನ್ನುತ್ತೀರಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ವಸಡಲ್ಲಿ ರಕ್ತ, ಸುಮ್ಮಸುಮ್ಮನೆ ಚರ್ಮದ ಮೇಲೆ ನೀಲಿ ಕಲೆ, ಮಾಯದ ಗಾಯ ಇದ್ದರೆ ಡಾಕ್ಟರ ಹತ್ತಿರ ಹೋಗಿ. ಅದಕ್ಕೆ ಬೇರೆ ಕಾರಣಗಳೂ ಇರಬಹುದು.

## ಅಡುಗೆಮನೆಯ ಪ್ರಶ್ನೆಗಳು

ಕಿತ್ತಳೆ ಕೆ.ಜಿ.ಗೆ ಅಷ್ಟೊಂದು ರೇಟು. ಬಡವರು ಏನು ತಿನ್ನಬೇಕು?

ಕಿತ್ತಳೆಯ ಹೆಸರು ದೊಡ್ಡದು, ಅಷ್ಟೆ. 100 ಗ್ರಾಂ ಕಿತ್ತಳೆಯಲ್ಲಿ ಸುಮಾರು 40–50 ಮಿ.ಗ್ರಾಂ. ಇರುತ್ತದೆ. ಅಷ್ಟೇ ತೂಕದ ಸೀಬೆಹಣ್ಣಿನಲ್ಲಿ, ಅಂದರೆ ಉತ್ತರ ಕರ್ನಾಟಕದ ಪೇರಲದಲ್ಲಿ, ಸುಮಾರು 200. ಒಂದು ಮಧ್ಯಮ ಗಾತ್ರದ ಸೀಬೆ ತಿಂದರೆ ದಿನದ ಲೆಕ್ಕ ಮುಗಿಯಿತು. ಬೆಟ್ಟದ ನೆಲ್ಲಿಕಾಯಿಯಂತೂ ಎಲ್ಲಕ್ಕಿಂತ ಮುಂದೆ. ಹಳೆಯ ಆಹಾರ ಪಟ್ಟಿಗಳಲ್ಲಿ 100 ಗ್ರಾಂಗೆ 600 ಅಂತಿತ್ತು. 2017ರ ಪಟ್ಟಿಯಲ್ಲಿ 250ರ ಆಸುಪಾಸು ಇದೆ. ಕಡಿಮೆಯ ಲೆಕ್ಕ ಹಿಡಿದರೂ ಎರಡು ಕಾಯಿ ಬೇಕಾದಷ್ಟು ಆಯಿತು. ಗೊಂಚಲಾಗಿ ಬಿಡುವ ಪುಟ್ಟ ಅರೆನೆಲ್ಲಿಯೇ ಬೇರೆ, ಅದರಲ್ಲಿ ಇಷ್ಟಿಲ್ಲ.

ಕರಾವಳಿಯಲ್ಲಿ ಗೇರುಬೀಜ ಕಿತ್ತುಕೊಂಡು ಹಣ್ಣನ್ನು ತೋಟದಲ್ಲೇ ಕೊಳೆಯಲು ಬಿಡುತ್ತಾರೆ. ಆ ಗೇರುಹಣ್ಣಿನಲ್ಲಿ ಕಿತ್ತಳೆಗಿಂತ ಹಲವು ಪಟ್ಟು ವಿಟಮಿನ್ ಸಿ ಇದೆ. ಇನ್ನು ನುಗ್ಗೆ ಸೊಪ್ಪು, ಅಗಸೆ ಸೊಪ್ಪು, ದಂಟಿನ ಸೊಪ್ಪು, ದಪ್ಪ ಮೆಣಸಿನಕಾಯಿ, ಹಸಿಮೆಣಸಿನಕಾಯಿ, ಪರಂಗಿ, ಎಲೆಕೋಸು, ಟೊಮೆಟೊ. ಹಿತ್ತಲಲ್ಲಿ ನುಗ್ಗೆ ಮರ ಇರುವವರು ಮಾತ್ರೆ ಕೊಳ್ಳುವುದು ನೋಡಿದರೆ ನನಗೆ ಬೇಜಾರಾಗುತ್ತದೆ.

ಬೇಯಿಸಿದ್ರೆ ಎಲ್ಲ ಹೋಗಿಬಿಡುತ್ತಂತೆ. ಹಾಗಾದ್ರೆ ಸೊಪ್ಪಿನ ಸಾರು ತಿಂದು ಏನು ಪ್ರಯೋಜನ?

ಎಲ್ಲ ಹೋಗುವುದಿಲ್ಲ. ಕೆಲವೊಮ್ಮೆ ಅರ್ಧ, ಕೆಲವೊಮ್ಮೆ ಇನ್ನೂ ಜಾಸ್ತಿ ಹೋಗುತ್ತದೆ. ವಿಟಮಿನ್ ಸಿ ನೀರಲ್ಲಿ ಕರಗುತ್ತದೆ, ಬಿಸಿಗೆ ಮತ್ತು ಗಾಳಿಗೆ ಕೆಡುತ್ತದೆ. ಹೆಚ್ಚಿದ ಮೇಲೆ ನೀರಲ್ಲಿ ನೆನೆಸಿಡುವುದು, ಬೇಯಿಸಿದ ನೀರು ಚೆಲ್ಲುವುದು, ಬೆಳಿಗ್ಗೆ ಮಾಡಿದ ಪಲ್ಯವನ್ನು ರಾತ್ರಿ ಮತ್ತೆ ಕಾಯಿಸುವುದು, ಸೊಪ್ಪು ಹಸಿರಾಗಿರಲಿ ಅಂತ ಸೋಡಾ ಹಾಕುವುದು – ಇವೆಲ್ಲ ನಷ್ಟದ ದಾರಿಗಳು. ಬಸ್ಸಾರು ಮಾಡುವವರು ಬಸಿದ ನೀರನ್ನು ಚೆಲ್ಲದೆ ಸಾರಿಗೇ ಹಾಕುತ್ತಾರಲ್ಲ, ಅದು ಒಳ್ಳೆಯ ಬುದ್ಧಿ.

ಮೊದಲು ತೊಳೆದು ಆಮೇಲೆ ಹೆಚ್ಚಿ. ಮುಚ್ಚಳ ಮುಚ್ಚಿ, ಬೇಗ ಬೇಯಿಸಿ. ನಿಂಬೆರಸವನ್ನು ಒಲೆ ಆರಿಸಿದ ಮೇಲೆ ಹಿಂಡಿ. ಚಿತ್ರಾನ್ನಕ್ಕೆ ನಮ್ಮವರು ಕೊನೆಗೆ ಹಿಂಡುವುದು ರುಚಿಗೂ ಸರಿ, ಇದಕ್ಕೂ ಸರಿ. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ನಿಂಬೆ ಪಾನಕ ಇಡಬೇಡಿ. ತಾಮ್ರ ತಾಗಿದರೆ ವಿಟಮಿನ್ ಸಿ ಬೇಗ ಕೆಡುತ್ತದೆ, ಹುಳಿಗೆ ತಾಮ್ರವೂ ಬಿಡುತ್ತದೆ. ದಿನಕ್ಕೊಂದು ಹಸಿ ಪದಾರ್ಥ ಇದ್ದರೆ ಈ ಲೆಕ್ಕಾಚಾರವೇ ಬೇಡ. ಸೌತೆ, ಕ್ಯಾರೆಟ್ ಕೋಸಂಬರಿಗೆ ಒಂದಿಷ್ಟು ಎಲೆಕೋಸು, ದಪ್ಪ ಮೆಣಸಿನಕಾಯಿ ಸಣ್ಣಗೆ ಹೆಚ್ಚಿ ಸೇರಿಸಿ, ನಿಂಬೆ ಹಿಂಡಿ. ನೆಲ್ಲಿಕಾಯಿ ತಂಬುಳಿ ಇನ್ನೂ ಒಳ್ಳೆಯದು.

ಬೆಳಿಗ್ಗೆ ಎದ್ದು ಬಿಸಿನೀರಿಗೆ ನಿಂಬೆಹಣ್ಣು ಹಿಂಡಿ ಕುಡೀತೀನಿ. ಅಷ್ಟು ಸಾಕಲ್ವಾ?

ಸಾಲದು. ಒಂದು ನಿಂಬೆಹಣ್ಣಿನ ರಸದಲ್ಲಿ 10ರಿಂದ 20 ಮಿ.ಗ್ರಾಂ. ಇರಬಹುದು. ಅರ್ಧ ಹಿಂಡಿದರೆ ಅದರ ಅರ್ಧ. ಕುಡಿಯಬೇಡಿ ಅಂತಲ್ಲ, ಅದೊಂದರಿಂದಲೇ ದಿನದ ಲೆಕ್ಕ ಮುಗಿಯಿತು ಅಂದುಕೊಳ್ಳಬೇಡಿ. ದಿನಾ ಕುಡಿಯುವವರು ಆಮೇಲೆ ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ, ಹುಳಿ ಹಲ್ಲಿನ ಹೊಳಪನ್ನು ತಿನ್ನುತ್ತದೆ.

ಚ್ಯವನಪ್ರಾಶ, ನೆಲ್ಲಿಕಾಯಿ ಮುರಬ್ಬ, ಉಪ್ಪಿನಕಾಯಿ ಇದೆಲ್ಲ ಲೆಕ್ಕಕ್ಕೆ ಬರುತ್ತಾ?

ಸ್ವಲ್ಪ ಬರುತ್ತದೆ. ಹುಳಿ ಇದ್ದ ಕಡೆ ವಿಟಮಿನ್ ಸಿ ಕೊಂಚ ತಾಳಿಕೊಳ್ಳುತ್ತದೆ. ಆದರೆ ಗಂಟೆಗಟ್ಟಲೆ ಕುದಿಸಿ, ತಿಂಗಳುಗಟ್ಟಲೆ ಇಟ್ಟಿದ್ದರಲ್ಲಿ ಎಷ್ಟು ಉಳಿದಿದೆ ಅಂತ ಭರವಸೆಯಿಂದ ಹೇಳಲಾಗದು. ಅದಕ್ಕಿಂತ ಮುಖ್ಯವಾದದ್ದು ಜೊತೆಗೆ ಬರುವ ಸಕ್ಕರೆ, ಉಪ್ಪು. ಹೃದಯ ಉಳಿಸಿಕೊಳ್ಳಲು ಉಪ್ಪಿನಕಾಯಿ ತಿನ್ನುತ್ತೇನೆ ಅಂದರೆ ಬಿ.ಪಿ. ನಕ್ಕೀತು.

ರಾಗಿ ಮುದ್ದೆ, ಸೊಪ್ಪು ದಿನಾ ತಿಂದರೂ ನನ್ನ ಮಗಳಿಗೆ ರಕ್ತ ಕಡಿಮೆ ಅಂತಾರೆ. ವಿಟಮಿನ್ ಸಿಗೂ ಇದಕ್ಕೂ ಸಂಬಂಧ ಇದೆಯಾ?

ಇದೆ. ರಾಗಿ, ಸೊಪ್ಪು, ಕಾಳಿನ ಕಬ್ಬಿಣವನ್ನು ಕರುಳು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಅದೇ ಊಟದಲ್ಲಿ ವಿಟಮಿನ್ ಸಿ ಇದ್ದರೆ ಹೀರಿಕೆ ಹೆಚ್ಚುತ್ತದೆ. "ಅದೇ ಊಟದಲ್ಲಿ" ಅನ್ನುವುದನ್ನು ಗಮನಿಸಿ, ಸಂಜೆ ತಿಂದ ಸೀಬೆ ಮಧ್ಯಾಹ್ನದ ಮುದ್ದೆಗೆ ಒದಗುವುದಿಲ್ಲ. ಊಟವಾದ ಕೂಡಲೇ ಕಾಫಿ, ಟೀ ಕುಡಿದರೆ ಹೀರಿಕೆ ಕುಗ್ಗುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಲಿ. ಹೆಸರುಕಾಳು ಮೊಳಕೆ ಬಂದಾಗ ಅದರಲ್ಲೇ ವಿಟಮಿನ್ ಸಿ ಹುಟ್ಟುತ್ತದೆ, ಹಾಗಾಗಿ ಮೊಳಕೆಕಾಳಿನ ಕೋಸಂಬರಿ ಒಳ್ಳೆಯ ಜೊತೆ. ಆದರೆ ಮಗಳ ರಕ್ತಹೀನತೆಗೆ ಇದೊಂದೇ ಉಪಾಯ ಅಂತ ಕೂರಬೇಡಿ. ಪರೀಕ್ಷೆ ಮಾಡಿಸಿ. ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟರೆ ತಗೊಳ್ಳಲಿ.

## ಕಾಯಿಲೆಗಳ ಪ್ರಶ್ನೆ

ರಕ್ತದಲ್ಲಿ ವಿಟಮಿನ್ ಸಿ ಜಾಸ್ತಿ ಇದ್ದವರು ಹೆಚ್ಚು ಕಾಲ ಬದುಕ್ತಾರೆ ಅಂತ ಓದಿದ್ದೆ. ಅದು ಸುಳ್ಳಾ?

ಸುಳ್ಳಲ್ಲ. ಇಂಗ್ಲೆಂಡಿನ ನಾರ್ಫೋಕ್ ಪ್ರಾಂತ್ಯದಲ್ಲಿ 45ರಿಂದ 79 ವರ್ಷದ 19,496 ಜನರ ರಕ್ತ ತೆಗೆದು, ಅವರನ್ನು ಕೆಲವು ವರ್ಷ ಗಮನಿಸಿದರು. ಫಲಿತಾಂಶ 2001ರಲ್ಲಿ ಬಂತು. ರಕ್ತದಲ್ಲಿ ವಿಟಮಿನ್ ಸಿ ಅತಿ ಹೆಚ್ಚಿದ್ದ ಐದನೇ ಒಂದು ಭಾಗದವರು, ಅತಿ ಕಡಿಮೆ ಇದ್ದವರಿಗೆ ಹೋಲಿಸಿದರೆ, ಆ ಅವಧಿಯಲ್ಲಿ ಸತ್ತದ್ದು ಸುಮಾರು ಅರ್ಧದಷ್ಟು. ಸಣ್ಣ ವ್ಯತ್ಯಾಸವಲ್ಲ ಇದು.

ಎಡವಟ್ಟಾಗುವುದು ಇದರ ಮುಂದಿನ ಹೆಜ್ಜೆಯಲ್ಲಿ. "ಹಾಗಾದರೆ ಮಾತ್ರೆ ನುಂಗಿ ರಕ್ತದಲ್ಲಿ ಏರಿಸಿಬಿಡೋಣ" ಅಂತ ಎಲ್ಲರಿಗೂ ಅನ್ನಿಸುತ್ತದೆ. ಯಾರ ರಕ್ತದಲ್ಲಿ ವಿಟಮಿನ್ ಸಿ ಜಾಸ್ತಿ ಇರುತ್ತದೆ ನೋಡಿ: ಹಣ್ಣು ತರಕಾರಿ ಕೊಳ್ಳಲು ಕೈಯಲ್ಲಿ ದುಡ್ಡಿದ್ದವರು, ಸಿಗರೇಟು ಸೇದದವರು, ವ್ಯಾಯಾಮ ಮಾಡುವವರು, ಬೊಜ್ಜಿಲ್ಲದವರು. ಅವರು ಹೆಚ್ಚು ಕಾಲ ಬದುಕಲು ಇಷ್ಟು ಕಾರಣಗಳಿವೆ. ವಿಟಮಿನ್ ಸಿ ಆ ಬದುಕಿನ ಗುರುತು ಮಾತ್ರ ಇರಬಹುದು.

ಸುಮ್ನೆ ಊಹೆಯಲ್ಲ ಇದು. 2004ರಲ್ಲಿ ಬ್ರಿಟನ್ನಿನ ಸಂಶೋಧಕರು ವಯಸ್ಸಾದ ಹೆಂಗಸರಲ್ಲಿ ಇದನ್ನೇ ಹುಡುಕಿದರು. ರಕ್ತದ ವಿಟಮಿನ್ ಸಿ ಮಟ್ಟ ಆ ಹೆಂಗಸರ ಬಾಲ್ಯದ ಮನೆಯ ಸ್ಥಿತಿ, ಈಗ ಕಾರು ಇದೆಯೋ ಇಲ್ಲವೋ, ಕೊನೆಗೆ ಕಾಲಿನ ಉದ್ದದ ಜೊತೆಗೂ ಹೊಂದಿಕೊಂಡಿತ್ತು. ಕಾಲಿನ ಉದ್ದ ಚಿಕ್ಕಂದಿನ ಪೋಷಣೆಯನ್ನು ತೋರಿಸುತ್ತದೆ. ಮಾತ್ರೆ ನುಂಗಿದರೆ ಬಾಲ್ಯ ಬದಲಾಗುವುದಿಲ್ಲವಲ್ಲ.

ಮಾತ್ರೆ ಕೊಟ್ಟು ನೋಡಿದ್ದಾರಾ? ಹಾರ್ಟ್ ಅಟ್ಯಾಕ್ ಕಡಿಮೆ ಆಯ್ತಾ?

ನೋಡಿದ್ದಾರೆ, ಚೆನ್ನಾಗಿಯೇ ನೋಡಿದ್ದಾರೆ. ಅಮೆರಿಕದಲ್ಲಿ 50 ದಾಟಿದ 14,641 ಗಂಡಸು ಡಾಕ್ಟರುಗಳನ್ನೇ ಪ್ರಯೋಗಕ್ಕೆ ಸೇರಿಸಿದರು. ಚೀಟಿ ಎತ್ತಿದ ಹಾಗೆ ಗುಂಪು ಮಾಡಿ, ಒಂದು ಗುಂಪಿಗೆ ದಿನಾ 500 ಮಿ.ಗ್ರಾಂ. ವಿಟಮಿನ್ ಸಿ, ಇನ್ನೊಂದಕ್ಕೆ ನೋಡಲು ಅದೇ ತರ ಇರುವ ಹುಸಿ ಮಾತ್ರೆ. ತಾವು ಯಾವುದನ್ನು ನುಂಗುತ್ತಿದ್ದೇವೆ ಅಂತ ಯಾರಿಗೂ ಗೊತ್ತಿಲ್ಲ. ಸರಾಸರಿ ಎಂಟು ವರ್ಷ ನಡೆಯಿತು. 2008ರಲ್ಲಿ ಬಂದ ಉತ್ತರ: ಹೃದಯಾಘಾತ, ಪಾರ್ಶ್ವವಾಯು, ಹೃದಯದ ಕಾಯಿಲೆಯ ಸಾವು – ಯಾವುದರಲ್ಲೂ ವ್ಯತ್ಯಾಸವಿಲ್ಲ.

ಹೆಂಗಸರಲ್ಲೂ ಮಾಡಿದರು. ಹೃದಯದ ಕಾಯಿಲೆ ಇದ್ದ ಅಥವಾ ಬರುವ ಅಪಾಯ ಹೆಚ್ಚಿದ್ದ 8,171 ಮಂದಿಗೆ 500 ಮಿ.ಗ್ರಾಂ. ಮಾತ್ರೆ ಅಥವಾ ಹುಸಿ ಮಾತ್ರೆ ಕೊಟ್ಟರು. 2007ರ ಫಲಿತಾಂಶವೂ ಅದೇ. ಬ್ರಿಟನ್ನಿನಲ್ಲಿ 20,536 ಜನರ ಮೇಲೆ ಐದು ವರ್ಷ ವಿಟಮಿನ್ ಸಿ, ಇ, ಬೀಟಾ ಕ್ಯಾರೋಟಿನ್ ಮೂರನ್ನೂ ಸೇರಿಸಿ ಕೊಟ್ಟು ನೋಡಿದರು. 2002ರಲ್ಲಿ ಉತ್ತರ ಬಂತು, ಲಾಭವಿಲ್ಲ. ಅದೇ ಜನರಲ್ಲಿ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನೂ ಪರೀಕ್ಷಿಸಿದ್ದರು. ಅದು ಚೆನ್ನಾಗಿ ಕೆಲಸ ಮಾಡಿತು. ಅಂದರೆ ಪ್ರಯೋಗದಲ್ಲಿ ದೋಷವಿರಲಿಲ್ಲ. ನಮ್ಮಲ್ಲಿ ಸ್ಟ್ಯಾಟಿನ್ ಕಂಡರೆ ಹೆದರಿ ನಿಲ್ಲಿಸಿ, ವಿಟಮಿನ್ ಡಬ್ಬಿ ನಂಬುವವರು ಎಷ್ಟೋ ಜನ. ತಲೆಕೆಳಗಾದ ಲೆಕ್ಕ ಅದು.

ಬಿ.ಪಿ. ಇಳಿಸುತ್ತೆ ಅಂತಾರೆ, ನಿಜಾನಾ?

ಸ್ವಲ್ಪ ಇಳಿಸುತ್ತದೆ. 29 ಪ್ರಯೋಗಗಳನ್ನು ಒಟ್ಟುಹಾಕಿ ನೋಡಿದ 2012ರ ವಿಶ್ಲೇಷಣೆಯಲ್ಲಿ ಮೇಲಿನ ಬಿ.ಪಿ. ಸರಾಸರಿ 4 ಅಂಕದಷ್ಟು ಇಳಿದಿತ್ತು. ಡೋಸ್ ಹೆಚ್ಚಾಗಿ 500 ಮಿ.ಗ್ರಾಂ. ಆಸುಪಾಸು. ಆದರೆ ಹೆಚ್ಚಿನವು ಎರಡು ತಿಂಗಳಷ್ಟರ ಸಣ್ಣ ಪ್ರಯೋಗಗಳು. ವರ್ಷಾನುಗಟ್ಟಲೆ ನಡೆದ ದೊಡ್ಡ ಪ್ರಯೋಗಗಳಲ್ಲಿ ಪಾರ್ಶ್ವವಾಯು ಕಡಿಮೆಯಾಗಲಿಲ್ಲ ಅಂತ ಮೇಲೆ ಹೇಳಿದೆನಲ್ಲ. ಬಿ.ಪಿ. ಮಾತ್ರೆಯ ಬದಲಿಗೆ ಇದು ಆಗುವುದಿಲ್ಲ. ಊಟದ ಉಪ್ಪು ಕಡಿಮೆ ಮಾಡಿದರೆ ಇಷ್ಟೇ ಲಾಭ ಪುಕ್ಕಟೆ ಸಿಗುತ್ತದೆ.

ನಮ್ಮ ಮನೇಲಿ ಅಪ್ಪ, ಅಜ್ಜ ಎಲ್ಲರಿಗೂ ಶುಗರ್. ನಾನು ಈಗಿಂದಲೇ ವಿಟಮಿನ್ ಸಿ ತಗೊಂಡ್ರೆ ತಪ್ಪಿಸಬಹುದಾ?

ಹಣ್ಣು ತರಕಾರಿಯಿಂದಾದರೆ, ಸ್ವಲ್ಪ ಮಟ್ಟಿಗೆ ಹೌದು ಅನ್ನಬಹುದು. ಯುರೋಪಿನ ಎಂಟು ದೇಶಗಳ ಒಂದು ಅಧ್ಯಯನ 2020ರಲ್ಲಿ ಬಂತು. ತಿಂದದ್ದನ್ನು ಜನರ ಬಾಯಿಂದ ಕೇಳಿ ಬರೆದುಕೊಳ್ಳದೆ, ರಕ್ತದಲ್ಲಿದ್ದ ವಿಟಮಿನ್ ಸಿ ಮತ್ತು ಕ್ಯಾರೋಟಿನಾಯ್ಡ್‌ಗಳನ್ನು (ಹಣ್ಣು ತರಕಾರಿಗೆ ಬಣ್ಣ ಕೊಡುವ ಸತ್ವಗಳು) ಅಳೆದಿದ್ದರು. ದಿನಕ್ಕೆ 66 ಗ್ರಾಂ ಹಣ್ಣು ತರಕಾರಿ ಜಾಸ್ತಿ ತಿನ್ನುವಷ್ಟು ವ್ಯತ್ಯಾಸಕ್ಕೆ ಟೈಪ್ 2 ಶುಗರ್ ಬರುವ ಅಪಾಯ ಸುಮಾರು ಶೇ. 25 ಕಡಿಮೆ ಇತ್ತು. 66 ಗ್ರಾಂ ಅಂದರೆ ಒಂದು ಸಣ್ಣ ಸೀಬೆ. ಆದರೆ ಇದೂ ಗಮನಿಸಿ ನೋಡಿದ ಅಧ್ಯಯನವೇ, ಪ್ರಯೋಗವಲ್ಲ.

ಮಾತ್ರೆಯಿಂದಾದರೆ ಇಲ್ಲ. ಮೇಲೆ ಹೇಳಿದ ಹೆಂಗಸರ ಪ್ರಯೋಗದಲ್ಲಿ ಶುರುವಿಗೆ ಶುಗರ್ ಇಲ್ಲದಿದ್ದ 6,574 ಮಂದಿಯನ್ನು ಒಂಬತ್ತು ವರ್ಷ ಗಮನಿಸಿದರು. ಮಾತ್ರೆ ನುಂಗಿದವರಿಗೂ ನುಂಗದವರಿಗೂ ಶುಗರ್ ಬಂದ ಲೆಕ್ಕದಲ್ಲಿ ಹೆಚ್ಚುಕಡಿಮೆ ಇರಲಿಲ್ಲ. ನಿಮ್ಮಂಥವರಿಗೆ ಹೊಟ್ಟೆಯ ಸುತ್ತಳತೆ, ನಡಿಗೆ, ತಟ್ಟೆಯಲ್ಲಿ ಅನ್ನದ ರಾಶಿ ಇವು ಮುಖ್ಯ.

ಹಾಗಾದ್ರೆ ಈಗಾಗಲೇ ಶುಗರ್ ಇರೋರು?

ಶುಗರ್ ಇರುವವರ ರಕ್ತದಲ್ಲಿ ವಿಟಮಿನ್ ಸಿ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಮಾತ್ರೆ ಕೊಟ್ಟಾಗ ಊಟದ ನಂತರದ ಸಕ್ಕರೆ ಸ್ವಲ್ಪ ಇಳಿದದ್ದು ಕೆಲವು ಸಣ್ಣ ಪ್ರಯೋಗಗಳಲ್ಲಿ ಕಂಡಿದೆ. ಒಂದು 2019ರಲ್ಲಿ ಬಂತು, ಅದರಲ್ಲಿ 31 ಜನ ಇದ್ದರು. ಇಷ್ಟರ ಮೇಲೆ ಚಿಕಿತ್ಸೆ ಕಟ್ಟಲಾಗದು. ಎದುರು ಬದಿಯ ಸುದ್ದಿಯೂ ಇದೆ: ಅಮೆರಿಕದ ಅಯೋವಾದಲ್ಲಿ ಮುಟ್ಟು ನಿಂತ, ಶುಗರ್ ಇದ್ದ 1,923 ಹೆಂಗಸರಲ್ಲಿ, ಮಾತ್ರೆಯಿಂದ ದಿನಕ್ಕೆ 300 ಮಿ.ಗ್ರಾಂ.ಗಿಂತ ಹೆಚ್ಚು ತಗೊಂಡವರಲ್ಲಿ ಹೃದಯದ ಕಾಯಿಲೆಯಿಂದ ಸತ್ತವರು ಜಾಸ್ತಿ ಇದ್ದರು. ಅದರಿಂದಲೂ ಕಾರಣ ಸಾಬೀತಾಗುವುದಿಲ್ಲ. ಆದರೆ "ತಗೊಂಡರೆ ನಷ್ಟ ಏನಿದೆ" ಅನ್ನುವ ಧೈರ್ಯ ಬೇಡ.

ಇನ್ನೊಂದು ಎಚ್ಚರಿಕೆ. ದೊಡ್ಡ ಡೋಸ್ ವಿಟಮಿನ್ ಸಿ, ಅದರಲ್ಲೂ ಡ್ರಿಪ್ ಮೂಲಕ ಹೋದದ್ದು, ಮನೆಯ ಗ್ಲುಕೋಮೀಟರನ್ನು ಏಮಾರಿಸಿ ಸಕ್ಕರೆ ಜಾಸ್ತಿ ಇದೆ ಅಂತ ತೋರಿಸಬಹುದು. ಅದನ್ನು ನಂಬಿ ಇನ್ಸುಲಿನ್ ಏರಿಸಿದರೆ ಅಪಾಯ.

ಕ್ಯಾನ್ಸರ್‌ಗೆ ವಿಟಮಿನ್ ಸಿ ಡ್ರಿಪ್ ಕೊಡ್ತಾರಂತೆ. ನಮ್ಮ ಚಿಕ್ಕಮ್ಮನಿಗೆ ಕೊಡಿಸೋಣ ಅಂತಿದೀವಿ.

ಚಿಕ್ಕಮ್ಮನ ಕ್ಯಾನ್ಸರ್ ಡಾಕ್ಟರಿಗೆ ಹೇಳದೆ ಕೊಡಿಸಬೇಡಿ. ಕೆಲವು ಕ್ಯಾನ್ಸರ್ ಔಷಧಿಗಳ ಕೆಲಸಕ್ಕೆ ಇದು ಅಡ್ಡ ಬರಬಹುದು. ಕಿಡ್ನಿ ದುರ್ಬಲವಿದ್ದರೆ ಡ್ರಿಪ್‌ನಿಂದ ಕಿಡ್ನಿಯೇ ಕೆಡಬಹುದು.

ಇದರ ಕಥೆ ಹಳೆಯದು. ಎರಡು ನೊಬೆಲ್ ಗೆದ್ದ ಅಮೆರಿಕದ ವಿಜ್ಞಾನಿ ಲೈನಸ್ ಪೌಲಿಂಗ್ 1970ರ ದಶಕದಲ್ಲಿ ವಿಟಮಿನ್ ಸಿಯನ್ನು ಊರೂರಿಗೆ ಸಾರಿದರು. ಸ್ಕಾಟ್ಲೆಂಡಿನ ವೈದ್ಯ ಇವಾನ್ ಕ್ಯಾಮರಾನ್ ಜೊತೆ ಸೇರಿ, ದಿನಕ್ಕೆ 10 ಗ್ರಾಂ ಕೊಟ್ಟ 100 ರೋಗಿಗಳು ಹೆಚ್ಚು ಕಾಲ ಬದುಕಿದರು ಅಂತ 1976ರಲ್ಲಿ ಬರೆದರು. ಹೋಲಿಸಿದ್ದು ಆಸ್ಪತ್ರೆಯ ಹಳೆಯ ಕಡತಗಳಲ್ಲಿದ್ದ 1,000 ರೋಗಿಗಳ ಜೊತೆ. ಅಲ್ಲೇ ಇದ್ದದ್ದು ತೊಡಕು. ಎರಡೂ ಗುಂಪು ಒಂದೇ ತರ ಇದ್ದವು ಅನ್ನಲು ಆಧಾರವಿಲ್ಲ. ಅಮೆರಿಕದ ಮೇಯೋ ಕ್ಲಿನಿಕ್ ಅದೇ 10 ಗ್ರಾಂ ಬಾಯಿ ಮೂಲಕ ಕೊಟ್ಟು, ಹುಸಿ ಮಾತ್ರೆಯ ಎದುರಿಗೆ ಎರಡು ಬಾರಿ ಪರೀಕ್ಷಿಸಿತು. 1979ರಲ್ಲೂ 1985ರಲ್ಲೂ ಲಾಭ ಕಾಣಲಿಲ್ಲ. ಡ್ರಿಪ್‌ನಿಂದ ರಕ್ತದ ಮಟ್ಟ ಬಾಯಿಗಿಂತ ಎಷ್ಟೋ ಮೇಲೆ ಹೋಗುತ್ತದೆ, ಹಾಗಾಗಿ ಆ ಸಂಶೋಧನೆ ಇನ್ನೂ ನಡೆಯುತ್ತಿದೆ. ಸಂಶೋಧನೆ ನಡೆಯುತ್ತಿದೆ ಅನ್ನುವುದನ್ನೇ ಜಾಹೀರಾತು ಮಾಡಿಕೊಂಡು ಸಾವಿರಾರು ರೂಪಾಯಿ ಕೀಳುವುದು ಬೇರೆ ವಿಷಯ.

ಕ್ಯಾನ್ಸರ್ ಬರದ ಹಾಗೆ ತಡೆಯುವ ಮಾತಿಗೆ ಬಂದರೆ, ಡಾಕ್ಟರುಗಳ ಆ ಪ್ರಯೋಗದಲ್ಲಿ ಕ್ಯಾನ್ಸರ್ ಲೆಕ್ಕವನ್ನೂ ಇಟ್ಟಿದ್ದರು. ಅದೂ ಕಡಿಮೆಯಾಗಲಿಲ್ಲ.

ಕಣ್ಣಿಗೆ ಒಳ್ಳೇದಂತೆ. ಕಣ್ಣಿನ ಡಾಕ್ಟರೇ ವಿಟಮಿನ್ ಸಿ ಇರೋ ಮಾತ್ರೆ ಬರೆದುಕೊಟ್ಟಿದ್ದಾರೆ.

ಹಾಗಾದರೆ ಬಹುಶಃ ನಿಮಗೆ ವಯಸ್ಸಿನಿಂದ ಬರುವ ಮ್ಯಾಕ್ಯುಲಾ ಸವಕಳಿ ಇದೆ. ಇದು ಕಣ್ಣಿನ ಪೊರೆಯಲ್ಲ, ಅಕ್ಷಿಪಟಲದ ನಡುಭಾಗ ಹಾಳಾಗುವ ಕಾಯಿಲೆ. ಇದರಲ್ಲಿ ಮಾತ್ರೆಗೆ ನಿಜವಾದ ಸಾಕ್ಷಿ ಇದೆ. 2001ರ ಅಮೆರಿಕದ ಪ್ರಯೋಗದಲ್ಲಿ 500 ಮಿ.ಗ್ರಾಂ. ವಿಟಮಿನ್ ಸಿ, ಜೊತೆಗೆ ವಿಟಮಿನ್ ಇ, ಬೀಟಾ ಕ್ಯಾರೋಟಿನ್, ಸತು ಸೇರಿಸಿ ಕೊಟ್ಟಾಗ, ಮಧ್ಯಮ ಹಂತದವರಲ್ಲಿ ಕಾಯಿಲೆ ಮುಂದಿನ ಹಂತಕ್ಕೆ ಹೋಗುವ ಅಪಾಯ ಸುಮಾರು ಶೇ. 25 ಇಳಿಯಿತು. ಆದರೆ ಅದು ಇಡೀ ಮಿಶ್ರಣದ ಲಾಭ, ವಿಟಮಿನ್ ಸಿ ಒಂದರದ್ದಲ್ಲ. ಬೀಡಿ ಸಿಗರೇಟು ಸೇದುವವರಿಗೆ ಬೀಟಾ ಕ್ಯಾರೋಟಿನ್ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಹೆಚ್ಚಿಸುತ್ತದೆ. ಸೇದುವ ಅಭ್ಯಾಸವಿದ್ದರೆ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಗೌಟ್ (ಯೂರಿಕ್ ಆಸಿಡ್ ಹೆಚ್ಚಾಗಿ ಬರುವ ಕೀಲುನೋವು) ಇದೆ, ಯೂರಿಕ್ ಆಸಿಡ್ ಇಳಿಯಲು ವಿಟಮಿನ್ ಸಿ ತಗೋ ಅಂತ ಸ್ನೇಹಿತರು ಹೇಳ್ತಾರೆ.

ಯೂರಿಕ್ ಆಸಿಡ್ ಮೂತ್ರದಲ್ಲಿ ಹೊರಹೋಗಲು ಇದು ಕೊಂಚ ನೆರವಾಗುತ್ತದೆ. ಆದರೆ ಈಗಾಗಲೇ ಗೌಟ್ ಇದ್ದವರಿಗೆ 500 ಮಿ.ಗ್ರಾಂ. ಕೊಟ್ಟಾಗ ಇಳಿದದ್ದು ತೀರಾ ಅಲ್ಪ. ಗೌಟ್ ಇದ್ದವರಿಗೆ ಕಿಡ್ನಿ ಕಲ್ಲಿನ ಭಯವೂ ಇರುತ್ತದೆ. ಸ್ನೇಹಿತರ ಮಾತಿಗಿಂತ ಡಾಕ್ಟರ ಔಷಧಿ ವಾಸಿ.

ನೆಗಡಿಗಾದ್ರೂ ಕೆಲಸ ಮಾಡುತ್ತಾ?

ದೀರ್ಘಕಾಲದ ಕಾಯಿಲೆಗಳ ಪಟ್ಟಿಗೆ ನೆಗಡಿ ಸೇರುವುದಿಲ್ಲ, ಆದರೂ ಈ ಪ್ರಶ್ನೆ ತಪ್ಪುವುದಿಲ್ಲ. 29 ಪ್ರಯೋಗಗಳ, 11,306 ಜನರ 2013ರ ಒಟ್ಟು ಲೆಕ್ಕದಲ್ಲಿ, ದಿನಾ ತಗೊಂಡರೂ ಸಾಮಾನ್ಯ ಜನರಿಗೆ ನೆಗಡಿ ಬರುವುದು ತಪ್ಪಲಿಲ್ಲ. ಬಂದ ನೆಗಡಿ ದೊಡ್ಡವರಲ್ಲಿ ಶೇ. 8, ಮಕ್ಕಳಲ್ಲಿ ಶೇ. 14 ಬೇಗ ವಾಸಿಯಾಯಿತು. ಏಳು ದಿನದ ನೆಗಡಿ ಆರೂವರೆ ದಿನಕ್ಕೆ ಇಳಿದ ಹಾಗೆ. ಮ್ಯಾರಥಾನ್ ಓಟಗಾರರು, ಕೊರೆಯುವ ಚಳಿಯಲ್ಲಿ ದುಡಿಯುವ ಸೈನಿಕರು ಇಂಥವರಿಗೆ ಮಾತ್ರ ನೆಗಡಿ ಅರ್ಧದಷ್ಟು ಕಡಿಮೆಯಾಗಿತ್ತು. ನೆಗಡಿ ಬಂದ ಮೇಲೆ ಶುರು ಮಾಡಿದರೆ ಖಚಿತ ಲಾಭವಿಲ್ಲ. ನಾವೆಲ್ಲ ಮಾಡುವುದು ಅದನ್ನೇ ಅಲ್ವಾ?

## ಮಾತ್ರೆ ನುಂಗುವವರ ಪ್ರಶ್ನೆಗಳು

ಜಾಸ್ತಿಯಾದದ್ದು ಮೂತ್ರದಲ್ಲಿ ಹೋಗುತ್ತಲ್ಲ, 1000 ಮಿ.ಗ್ರಾಂ. ತಗೊಂಡ್ರೆ ಏನು ತೊಂದರೆ?

ಹೋಗುತ್ತದೆ, ಆದರೆ ಸುಮ್ನೆ ಹೋಗುವುದಿಲ್ಲ. ಅದರಲ್ಲಿ ಒಂದಿಷ್ಟು ದೇಹದಲ್ಲಿ ಆಕ್ಸಲೇಟ್ ಆಗುತ್ತದೆ. ಕಿಡ್ನಿ ಕಲ್ಲುಗಳಲ್ಲಿ ಬಹುಪಾಲು ಕ್ಯಾಲ್ಸಿಯಂ ಆಕ್ಸಲೇಟ್‌ನವು. ಸ್ವೀಡನ್ನಿನ 23,355 ಗಂಡಸರನ್ನು ಗಮನಿಸಿದ 2013ರ ವರದಿಯ ಪ್ರಕಾರ, ವಿಟಮಿನ್ ಸಿ ಮಾತ್ರೆ (ಅಲ್ಲಿ ಹೆಚ್ಚಾಗಿ 1000 ಮಿ.ಗ್ರಾಂ.ನದು) ನುಂಗುತ್ತಿದ್ದವರಲ್ಲಿ ಕಲ್ಲಿನ ಅಪಾಯ ಸುಮಾರು ಎರಡು ಪಟ್ಟು. ಹೆಂಗಸರಲ್ಲಿ ಅಷ್ಟು ಸ್ಪಷ್ಟವಾಗಿ ಕಂಡಿಲ್ಲ. ರಾಯಚೂರು, ಕಲಬುರಗಿಯ ಬಿಸಿಲಲ್ಲಿ ನೀರು ಕಡಿಮೆ ಕುಡಿದು ದುಡಿಯುವ ಗಂಡಸರು, ಒಮ್ಮೆ ಕಲ್ಲು ಬಂದಿರುವವರು ಇದನ್ನು ಲಘುವಾಗಿ ತಗೋಬಾರದು. ಹೊಟ್ಟೆ ಉರಿ, ಭೇದಿ ಇನ್ನೆರಡು ಸಾಮಾನ್ಯ ತೊಂದರೆ. ದಿನಕ್ಕೆ 2000 ಮಿ.ಗ್ರಾಂ. ಅನ್ನುವುದು ಮೀರಬಾರದ ಗೆರೆ, ತಲುಪಬೇಕಾದ ಗುರಿಯಲ್ಲ.

ಯಾರು ಮುಟ್ಟಲೇಬಾರದು?

ಡಾಕ್ಟರನ್ನು ಕೇಳದೆ ದೊಡ್ಡ ಡೋಸ್ ಮುಟ್ಟಬಾರದವರು: ಕಿಡ್ನಿ ಕಾಯಿಲೆಯವರು, ಕಲ್ಲು ಬಂದವರು, ಪದೇ ಪದೇ ರಕ್ತ ಹಾಕಿಸಿಕೊಳ್ಳುವ ಥಲಸ್ಸೇಮಿಯಾ ರೋಗಿಗಳು, ದೇಹದಲ್ಲಿ ಕಬ್ಬಿಣ ಹೆಚ್ಚಾಗಿ ಶೇಖರವಾಗುವ ಕಾಯಿಲೆಯವರು, ರಕ್ತಕಣಗಳನ್ನು ಕಾಪಾಡುವ ಜಿ-6-ಪಿಡಿ ಎಂಬ ಕಿಣ್ವದ ಕೊರತೆ ಇರುವವರು. ಕೊನೆಯವರಲ್ಲಿ ದೊಡ್ಡ ಡೋಸ್‌ನಿಂದ ರಕ್ತಕಣ ಒಡೆಯಬಹುದು. ಹಣ್ಣು ತರಕಾರಿಯ ವಿಟಮಿನ್ ಸಿಯಿಂದ ಇಂಥ ಅನಾಹುತ ಸಾಮಾನ್ಯವಾಗಿ ಆಗುವುದಿಲ್ಲ. ಆದರೆ ಡಯಾಲಿಸಿಸ್‌ನಲ್ಲಿರುವವರು ಹಣ್ಣಿನ ಲೆಕ್ಕವನ್ನೂ ಡಾಕ್ಟರನ್ನು ಕೇಳಿಯೇ ಇಟ್ಟುಕೊಳ್ಳಬೇಕು, ಪೊಟ್ಯಾಸಿಯಂ ಕಾರಣಕ್ಕೆ.

ಹಾಗಾದ್ರೆ ಮಾತ್ರೆ ಯಾರಿಗೆ ಬೇಕು?

ಊಟವೇ ಸರಿಯಾಗಿ ಸೇರದ ವೃದ್ಧರು, ಒಬ್ಬರೇ ಇದ್ದು ಅನ್ನ ಮಜ್ಜಿಗೆಯಲ್ಲೇ ದಿನ ತಳ್ಳುವವರು, ಕುಡಿತದ ಚಟವಿರುವವರು, ಕರುಳಿನ ಕಾಯಿಲೆಯಿಂದ ಹೀರಿಕೆ ಕೆಟ್ಟವರು. ಇವರಿಗೂ ದಿನಕ್ಕೆ 100 ಮಿ.ಗ್ರಾಂ. ಸಿಕ್ಕರೆ ಸಾಮಾನ್ಯವಾಗಿ ಸಾಕು. ಬೀಡಿ ಸಿಗರೇಟು ಸೇದುವವರಿಗೆ ಬೇರೆಯವರಿಗಿಂತ 35 ಮಿ.ಗ್ರಾಂ. ಹೆಚ್ಚು ಬೇಕು ಅನ್ನುತ್ತದೆ ಅಮೆರಿಕದ ಲೆಕ್ಕ. ಹೊಗೆ ವಿಟಮಿನ್ ಸಿಯನ್ನು ಬೇಗ ಖರ್ಚು ಮಾಡುತ್ತದೆ. ಆದರೆ ಸೀಬೆ ತಿಂದು ಬೀಡಿಯ ಪಾಪ ತೊಳೆಯಲಾಗದು.

ನೆಲ್ಲಿಕಾಯಿಯಿಂದ ಮಾಡಿದ "ನೈಸರ್ಗಿಕ" ಮಾತ್ರೆ ಒಳ್ಳೇದಾ, ಲಿಮ್ಸಿ ತರದ್ದು ಒಳ್ಳೇದಾ?

ವಿಟಮಿನ್ ಸಿ ಅಣು ಎರಡರಲ್ಲೂ ಒಂದೇ, ದೇಹಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಇಡೀ ನೆಲ್ಲಿಕಾಯಿಯಲ್ಲಿ ನಾರು, ಬೇರೆ ಸತ್ವಗಳೂ ಇವೆ. ಒಣಗಿಸಿ ಪುಡಿ ಮಾಡಿ ಮಾತ್ರೆಗೆ ತುಂಬಿದರೆ ಅದರಲ್ಲಿ ಎಷ್ಟು ಉಳಿಯಿತೋ ಯಾರಿಗೆ ಗೊತ್ತು. ದುಡ್ಡು ಕೊಡುವುದಾದರೆ ಇಡೀ ಕಾಯಿಗೆ ಕೊಡಿ.

## ಆಳಕ್ಕೆ ಇಳಿಯುವವರಿಗೆ

ಪ್ರಯೋಗಗಳಲ್ಲೇ ತಪ್ಪಿರಬಹುದಲ್ವಾ? ಚೆನ್ನಾಗಿ ತಿಂದುಂಡವರಿಗೆ ಮಾತ್ರೆ ಕೊಟ್ಟರೆ ಏನು ಗೊತ್ತಾಗುತ್ತೆ?

ಒಳ್ಳೆಯ ಪ್ರಶ್ನೆ. ಇದನ್ನು ಕೇಳುವವರು ಕಡಿಮೆ. ಅಮೆರಿಕದಲ್ಲಿ 1996ರಲ್ಲಿ ಏಳು ಆರೋಗ್ಯವಂತ ಯುವಕರನ್ನು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲೇ ಇಟ್ಟುಕೊಂಡು, ಡೋಸ್ ಏರಿಸುತ್ತ ರಕ್ತ ಅಳೆದರು. ದಿನಕ್ಕೆ 30ರಿಂದ 100 ಮಿ.ಗ್ರಾಂ.ಗೆ ಹೋಗುವಾಗ ರಕ್ತದ ಮಟ್ಟ ಸರ್ರನೆ ಏರಿತು. 200 ದಾಟಿದ ಮೇಲೆ ಏರಿಕೆ ನಿಧಾನವಾಯಿತು. 400ರ ಹೊತ್ತಿಗೆ ಬಹುತೇಕ ನಿಂತೇಹೋಯಿತು. ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿದ ಹಾಗೆ.

ಈಗ ಆ 14,641 ಡಾಕ್ಟರುಗಳನ್ನು ನೆನಪಿಸಿಕೊಳ್ಳಿ. ಅವರಲ್ಲಿ ಹೆಚ್ಚಿನವರಿಗೆ ಕೊರತೆಯೇ ಇದ್ದಿರಲಾರದು. ಹಾಗಾಗಿ ಆ ಪ್ರಯೋಗ ಹೇಳುವುದು ಇಷ್ಟೆ: ಸಾಕಷ್ಟಿರುವವರಿಗೆ ಇನ್ನಷ್ಟು ಕೊಟ್ಟರೆ ಪ್ರಯೋಜನವಿಲ್ಲ. ನಿಜವಾದ ಕೊರತೆ ಇರುವವರಿಗೆ ಕೊಟ್ಟರೆ ಏನಾದೀತು ಅನ್ನುವುದಕ್ಕೆ ಅದು ಉತ್ತರವಲ್ಲ. ಚೀನಾದ ಲಿನ್‌ಶಿಯಾನ್‌ನಲ್ಲಿ ಪೋಷಣೆ ಕಡಿಮೆ ಇದ್ದ ಹಳ್ಳಿಗರಿಗೆ ಬೇರೆ ಬೇರೆ ಜೋಡಿ ಪೋಷಕಾಂಶ ಕೊಟ್ಟು ನೋಡಿದ ಪ್ರಯೋಗ 1993ರಲ್ಲಿ ಪ್ರಕಟವಾಯಿತು. ಅಲ್ಲೂ ವಿಟಮಿನ್ ಸಿ ಇದ್ದ ಜೋಡಿ ಸಾವು ಕಡಿಮೆ ಮಾಡಲಿಲ್ಲ. ಬೀಟಾ ಕ್ಯಾರೋಟಿನ್, ವಿಟಮಿನ್ ಇ, ಸೆಲೆನಿಯಂ ಇದ್ದ ಗುಂಪಿನಲ್ಲಿ ಸ್ವಲ್ಪ ಕಡಿಮೆಯಾಯಿತು. ನಮ್ಮ ದೇಶದ ಕೊರತೆಯ ಲೆಕ್ಕ ನೋಡಿದರೆ ಇಂಥ ದೊಡ್ಡ ಪ್ರಯೋಗ ಇಲ್ಲಿ ನಡೆಯಬೇಕು ಅನ್ನಿಸುತ್ತದೆ.

ಜೀನ್ ನೋಡಿ ಇದನ್ನು ತೀರ್ಮಾನ ಮಾಡಬಹುದು ಅಂತಾರಲ್ಲ, ಅದು ಹೇಗೆ?

ಕೆಲವರು ಹುಟ್ಟುವಾಗಲೇ ವಿಟಮಿನ್ ಸಿ ಸಾಗಿಸುವ ಪ್ರೋಟೀನಿನ ಜೀನ್‌ನಲ್ಲಿ ಸಣ್ಣ ವ್ಯತ್ಯಾಸ ಪಡೆದಿರುತ್ತಾರೆ. ಅದರಿಂದ ಅವರ ರಕ್ತದಲ್ಲಿ ಜೀವನಪೂರ್ತಿ ವಿಟಮಿನ್ ಸಿ ಕೊಂಚ ಹೆಚ್ಚು ಅಥವಾ ಕಡಿಮೆ ಇರುತ್ತದೆ. ಈ ವ್ಯತ್ಯಾಸ ದುಡ್ಡು, ವಿದ್ಯೆ, ಬೀಡಿ ನೋಡಿ ಬರುವುದಿಲ್ಲ. ಹಾಗಾಗಿ ವಿಟಮಿನ್ ಸಿಯೇ ಕಾಪಾಡುವುದಾದರೆ ಜೀನ್‌ನಿಂದ ಹೆಚ್ಚು ಪಡೆದವರಿಗೂ ಹೃದಯದ ಕಾಯಿಲೆ ಕಡಿಮೆ ಇರಬೇಕು. ಡೆನ್ಮಾರ್ಕಿನಲ್ಲಿ ಸುಮಾರು 97,000 ಜನರಲ್ಲಿ ಹುಡುಕಿ 2015ರಲ್ಲಿ ವರದಿ ಮಾಡಿದರು. ಹಣ್ಣು ತರಕಾರಿ ಹೆಚ್ಚು ತಿನ್ನುವವರಿಗೆ ಹೃದಯದ ಕಾಯಿಲೆ, ಸಾವು ಎರಡೂ ಕಡಿಮೆ ಇತ್ತು. ಜೀನ್‌ನಿಂದ ವಿಟಮಿನ್ ಸಿ ಹೆಚ್ಚು ಇದ್ದ ಮಾತ್ರಕ್ಕೆ ಆ ಲಾಭ ವಿಟಮಿನ್ ಸಿಯದ್ದೇ ಅಂತ ಖಚಿತವಾಗಲಿಲ್ಲ. ಹಣ್ಣಿನಲ್ಲಿರುವ ನಾರು, ಪೊಟ್ಯಾಸಿಯಂ, ಹಣ್ಣು ತಿಂದಾಗ ತಟ್ಟೆಯಿಂದ ದೂರವಾಗುವ ಬಜ್ಜಿ ಬೋಂಡಾ – ಇವೆಲ್ಲ ಸೇರಿ ಕೆಲಸ ಮಾಡುತ್ತವೆ ಅನ್ನುವುದು ನನ್ನ ಓದು.

ನಾನು ಜಿಮ್‌ಗೆ ಹೋಗ್ತೀನಿ. ಟ್ರೈನರ್ ವಿಟಮಿನ್ ಸಿ, ಇ ಎರಡೂ ತಗೋ ಅಂತಾನೆ.

ಇದಕ್ಕೆ ವಿರುದ್ಧವಾದ ಸಾಕ್ಷಿ ಇದೆ ಅಂತ ಅವರಿಗೆ ಹೇಳಿ. ವ್ಯಾಯಾಮ ಮಾಡುವಾಗ ಸ್ನಾಯುಗಳಲ್ಲಿ ಹುಟ್ಟುವ ಆ "ಹಾನಿಕಾರಕ" ಕಣಗಳೇ ದೇಹಕ್ಕೆ ಗಟ್ಟಿಯಾಗು ಅಂತ ಸೂಚನೆ ಕೊಡುತ್ತವೆ. ಜರ್ಮನಿಯಲ್ಲಿ ಯುವಕರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿ, ಅರ್ಧದಷ್ಟು ಮಂದಿಗೆ ದಿನಾ 1000 ಮಿ.ಗ್ರಾಂ. ವಿಟಮಿನ್ ಸಿ ಮತ್ತು ಜೊತೆಗೆ ವಿಟಮಿನ್ ಇ ಕೊಟ್ಟರು. 2009ರಲ್ಲಿ ಫಲಿತಾಂಶ ಬಂತು. ಮಾತ್ರೆ ಇಲ್ಲದವರಲ್ಲಿ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗಿತ್ತು. ಮಾತ್ರೆ ನುಂಗಿದವರಿಗೆ ಆ ಲಾಭವೇ ಸಿಗಲಿಲ್ಲ. ಸಣ್ಣ ಪ್ರಯೋಗ, ನಿಜ. ಆದರೂ ಶುಗರ್ ಬರಬಾರದು ಅಂತ ಜಿಮ್‌ಗೆ ಹೋಗಿ ಬೆವರು ಸುರಿಸುವವರು ಇಂಥ ಮಾತ್ರೆಗೆ ದುಡ್ಡು ಸುರಿಯುವ ಮೊದಲು ಯೋಚಿಸಬೇಕು.

ಅಪ್ಪ ಹತ್ತಾರು ವರ್ಷದಿಂದ ದಿನಾ 500 ಮಿ.ಗ್ರಾಂ. ತಗೊಳ್ತಿದ್ದಾರೆ. ಒಮ್ಮೆಲೇ ನಿಲ್ಲಿಸಿದ್ರೆ ಏನಾದ್ರೂ ಆಗುತ್ತಾ?

ಹೆದರುವಂಥದ್ದು ಆಗುವುದಿಲ್ಲ. ನಿಲ್ಲಿಸಿದ ಕೂಡಲೇ ಸ್ಕರ್ವಿ ಬರುತ್ತದೆ ಅನ್ನುವ ಮಾತಿಗೆ ಗಟ್ಟಿ ಆಧಾರವಿಲ್ಲ. ಬೇಕಿದ್ದರೆ ಒಂದೆರಡು ವಾರ ದಿನ ಬಿಟ್ಟು ದಿನ ತಗೊಂಡು ಬಿಡಬಹುದು. ಮೊದಲು ಎರಡು ವಿಷಯ ನೋಡಿ. ಆ ಮಾತ್ರೆಯನ್ನು ಕಣ್ಣಿನ ಡಾಕ್ಟರು ಬರೆದುಕೊಟ್ಟಿದ್ದರೆ ಅವರನ್ನು ಕೇಳದೆ ನಿಲ್ಲಿಸಬಾರದು. ಇನ್ನೊಂದು, ಅಪ್ಪನಿಗೆ ಹಲ್ಲು ಸರಿ ಇದೆಯಾ? ಹಲ್ಲಿಲ್ಲದವರು ಮೊದಲು ಬಿಡುವುದೇ ಸೀಬೆ, ಕೋಸಂಬರಿ. ಅಂಥವರಿಗೆ ಚೆನ್ನಾಗಿ ಹಣ್ಣಾದ ಪರಂಗಿ ಕೊಡಿ, ಅಥವಾ ನೆಲ್ಲಿಕಾಯಿಯನ್ನು ನುಣ್ಣಗೆ ರುಬ್ಬಿ ಮಜ್ಜಿಗೆಗೆ ಸೇರಿಸಿ ಕೊಡಿ.